ಬೆನ್ನು ಬಲ್ಲ ಮಣ್ಣು

ನಾನು ಮಣ್ಣು. ಹೊಲದ ಮಣ್ಣಲ್ಲ, ಗೋಡೆಗೆ ಮೆತ್ತುವ ಮಣ್ಣೂ ಅಲ್ಲ. ಕುಸ್ತಿಯ ಮಣ್ಣು. ನನ್ನ ಮೇಲೆ ಬೆಳೆ ಬರುವುದಿಲ್ಲ. ಜನ ಬೀಳುತ್ತಾರೆ, ಏಳುತ್ತಾರೆ. ಅದೇ ನನ್ನ ಸುಗ್ಗಿ.

ಹುಟ್ಟಿದ್ದು ಹೊಳೆಹಂಚಿನಾಳದ ಕೆರೆಯಂಗಳದಲ್ಲಿ. ಕೆರೆ ಬತ್ತಿದ ಒಂದು ಬೇಸಿಗೆಯಲ್ಲಿ ಗುರುಪಾದಪ್ಪನವರು ಬಂದು ಬರಿಗಾಲಲ್ಲಿ ನನ್ನ ಮೇಲೆ ಬಹಳ ಹೊತ್ತು ಅಡ್ಡಾಡಿದರು. ಅವರು ಕುಸ್ತಿ ಕಲಿಸುವ ಗುರು. ನಮ್ಮ ಕಡೆ ಅಂಥವರಿಗೆ ವಸ್ತಾದ ಎನ್ನುತ್ತಾರೆ. ಅಂಗಾಲಿನಿಂದಲೇ ನನ್ನನ್ನು ಆರಿಸಿದರು. ಗಾಡಿಯಲ್ಲಿ ಹೇರಿಸಿ ತಂದು, ಗುಡ್ಡದ ಕೆಮ್ಮಣ್ಣಿನ ಜೊತೆ ಕೂಡಿಸಿ, ಹಿಟ್ಟು ಸೋಸುವ ಜರಡಿಯಲ್ಲಿ ಸೋಸಿದರು. ಒಂದು ಹರಳೂ ಉಳಿಯಬಾರದೆಂದು ಅವರ ಹಟ. ಆಮೇಲೆ ನನಗೆ ಎಣ್ಣೆ ಕುಡಿಸಿದರು, ಮಜ್ಜಿಗೆ ಕುಡಿಸಿದರು. ಅರಿಸಿನ, ಕರ್ಪೂರ, ನಿಂಬೆಯ ರಸ, ಒಣಗಿಸಿ ಪುಡಿ ಮಾಡಿದ ಬೇವಿನೆಲೆ ಬೆರೆಸಿದರು. ಕೊನೆಗೆ ಹಣಮಪ್ಪನ ಗುಡಿಯ ಕುಂಕುಮ ಒಂದು ಚಿಟಿಕೆ, ಊರಾಚೆಯ ದರ್ಗಾದ ಊದಿನ ಬೂದಿ ಒಂದು ಚಿಟಿಕೆ. ಹೀಗೆ ನಾನು ಹದಕ್ಕೆ ಬಂದೆ. ಬಿದ್ದವರಿಗೆ ಪೆಟ್ಟಾಗದಷ್ಟು ಮೆತ್ತಗೆ, ನಿಂತವರ ಕಾಲು ಹೂತುಹೋಗದಷ್ಟು ಗಟ್ಟಿ.

ನಾಟಕದ ಕಂಪನಿಗಳು ಊರೂರು ತಿರುಗುತ್ತಿದ್ದ ಕಾಲ ಅದು. ವಸ್ತಾದರು ಅದೇ ರೀತಿ ಒಂದು ಕುಸ್ತಿಯ ಕಂಪನಿ ಕಟ್ಟಿದರು. ಹೆಸರು ಶ್ರೀ ವಜ್ರಕಾಯ ಕುಸ್ತಿ ಕಂಪನಿ. ಒಂದು ಲಾರಿ, ಒಂದು ಡೇರೆ, ಬಣ್ಣದ ಬೋರ್ಡು, ಹಲಗೆ ಬಾರಿಸುವವರು, ಹಿಂದೆ ಚೀಲಗಳಲ್ಲಿ ನಾನು. ಊರು ಬದಲಾದರೂ ಮಣ್ಣು ಬದಲಾಗಬಾರದು ಎಂದು ವಸ್ತಾದರ ನಿಯಮ. ಹೋದಲ್ಲೆಲ್ಲ ಕಣ ಅಗೆದು ನನ್ನನ್ನು ಸುರಿಯುತ್ತಿದ್ದರು. ಬಿಡಾರ ಕಿತ್ತಾಗ ಮತ್ತೆ ಬಾಚಿ ಚೀಲಕ್ಕೆ ತುಂಬುತ್ತಿದ್ದರು. ಡೇರೆಯ ನಡುಗಂಬದ ತುದಿಗೆ ಹಣಮಪ್ಪನ ಪಟ ಕಟ್ಟುತ್ತಿದ್ದರು, ಸ್ವಲ್ಪ ಕೆಳಮುಖವಾಗಿ. ಆಡುವವರನ್ನು ಅವನು ಮೇಲಿನಿಂದ ನೋಡಬೇಕಲ್ಲ.

ಕಂಪನಿಯ ಕುಸ್ತಿಯೆಂದರೆ ಏನೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು. ಸಂಜೆ ಯಾರು ಗೆಲ್ಲಬೇಕೆಂಬುದು ಬೆಳಿಗ್ಗೆಯೇ ತೀರ್ಮಾನವಾಗುತ್ತಿತ್ತು. ಅದನ್ನು ಮೋಸವೆಂದು ವಸ್ತಾದರು ಎಂದೂ ತಿಳಿಯಲಿಲ್ಲ. ಬಯಲಾಟದಲ್ಲಿ ರಾವಣನ ವೇಷ ಹಾಕಿದವನು ದಿನವೂ ಸಾಯುವುದಿಲ್ಲವೇ, ಹಾಗೆ, ಎನ್ನುತ್ತಿದ್ದರು. ಬೆಳಿಗ್ಗೆ ಜೋಡಿಯನ್ನು ಕೂರಿಸಿಕೊಂಡು, ಇಂಥವನು ನಿಲ್ಲತಕ್ಕದ್ದು, ಇಂಥವನು ಬೀಳತಕ್ಕದ್ದು ಎಂದು ಹೇಳುವರು. ಇಬ್ಬರೂ ಒಂದೊಂದು ಹಿಡಿ ನನ್ನನ್ನು ತೆಗೆದು ಒಬ್ಬರ ಅಂಗೈಗೆ ಒಬ್ಬರು ಇಡುವರು. ಮಣ್ಣು ಕೊಟ್ಟು ತೆಗೆದುಕೊಂಡ ಮೇಲೆ ಮಾತು ಮುರಿಯುವಂತಿರಲಿಲ್ಲ. ಯಾರೂ ಮುರಿದಿರಲಿಲ್ಲ ಕೂಡ.

ಆ ಕಂಪನಿಯ ಎರಡು ಕಣ್ಣು ಸಿದರಾಯ ಮತ್ತು ಮೀರಾಸಾಬ. ಒಂದೇ ಊರಿನವರು, ಒಂದೇ ಗರಡಿಯಲ್ಲಿ ಬೆಳೆದವರು, ಒಂದೇ ತಾಟಿನಲ್ಲಿ ಉಂಡವರು. ಸಿದರಾಯ ಎತ್ತರದ ಆಳು, ಬಿಳಿಯ ಮೈ. ಅವನು ಕಣಕ್ಕಿಳಿದರೆ ಹೆಂಗಸರೂ ಎದ್ದು ನೋಡುತ್ತಿದ್ದರು. ಮೀರಾಸಾಬ ಗಿಡ್ಡ, ಕರಿಯ, ದಪ್ಪ ಮೀಸೆಯವನು. ಅವನಿಗೆ ಕರಿಹುಲಿ ಎಂದು ವಸ್ತಾದರು ಹೆಸರಿಟ್ಟರು. ಮಂದಿ ಅವನನ್ನು ಬೈಯಲೆಂದೇ ಬರುತ್ತಿದ್ದರು. ದಿನವೂ ಸಿದರಾಯ ನಿಲ್ಲುವನು, ದಿನವೂ ಮೀರಾಸಾಬ ಬೀಳುವನು.

ನಾನು ಜನರನ್ನು ಮುಖದಿಂದ ಬಲ್ಲವನಲ್ಲ, ಮೈ ತಾಗಿದಷ್ಟೇ ಬಲ್ಲೆ. ಸಿದರಾಯನ ಅಂಗಾಲು ನನಗೆ ಬಾಯಿಪಾಠ. ಅವನ ಬೆನ್ನು ಹೇಗಿದೆಯೋ ಗೊತ್ತಿರಲಿಲ್ಲ. ಮೀರಾಸಾಬನ ಬೆನ್ನಿನ ಒಂದೊಂದು ಎಲುಬೂ ಗೊತ್ತಿತ್ತು.

ಅವನು ಬೀಳುವುದನ್ನು ನೀವು ನೋಡಬೇಕಿತ್ತು. ಗದ್ದವನ್ನು ಎದೆಗೆ ಒತ್ತಿ, ಉಸಿರು ಬಿಟ್ಟು, ಮೊದಲು ತೋಳಿನಿಂದ ನನ್ನನ್ನು ಬಡಿಯುವನು. ಧಪ್ ಎಂದು ಡೇರೆ ತುಂಬ ಸದ್ದು. ಮಂದಿ ಎಲುಬು ಮುರಿಯಿತೆಂದುಕೊಳ್ಳುವರು. ನನಗೆ ಮಾತ್ರ ಗೊತ್ತು, ಅವನ ಬೆನ್ನು ಆಮೇಲೆ ನನ್ನ ಮೇಲೆ ಹೂವಿನ ಹಾಗೆ ಇಳಿಯುತ್ತಿತ್ತು. ಮೇಲಿದ್ದವನಿಗೂ ಪೆಟ್ಟಿಲ್ಲ, ಕೆಳಗಿದ್ದವನಿಗೂ ಇಲ್ಲ. ಗೆಲ್ಲುವುದನ್ನು ಸಿದರಾಯನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬೀಳುವ ವಿದ್ಯೆಯನ್ನು ಮೀರಾಸಾಬ ತಾನೇ ಕಂಡುಕೊಂಡಿದ್ದ.

ಕಂಪನಿ ಊರ ಸಮೀಪ ಬಿಡಾರ ಹೂಡಿದಾಗ ನಾನು ಅವನ ಬೆನ್ನಿಗೆ ಮೆತ್ತಿಕೊಂಡು ಅವನ ಮನೆಗೂ ಹೋಗುತ್ತಿದ್ದೆ. ಹಿತ್ತಿಲಲ್ಲಿ ಒಂದು ಬಂಡೆಗಲ್ಲು. ಅದರ ಮೇಲೆ ಅವನು ಕೂತರೆ ಹೆಂಡತಿ ಹುಸೇನಬಿ ಬಿಸಿನೀರಿನ ಕೊಡ ತಂದು, ನಾರಿನ ಗುಂಜಿನಿಂದ ನನ್ನನ್ನು ಉಜ್ಜಿ ಉಜ್ಜಿ ತೊಳೆಯುವಳು. ಅವಳು ಒಮ್ಮೆಯೂ ಕುಸ್ತಿ ನೋಡಲು ಬಂದವಳಲ್ಲ. ಬಾ ಎಂದು ಅವನು ಕರೆದರೆ ಒಂದೇ ಉತ್ತರ.

“ನೀ ಬೀಳೂದು ನೋಡಾಕ ನಾ ಯಾಕ ಬರ್ಲಿ? ಬಿದ್ದ ಗುರುತು ಮನೀಗೇ ಬರ್ತದಲ್ಲ, ದಿನಾ ತೊಳಿತೀನಿ.”

ಅವನು ನಕ್ಕುಬಿಡುತ್ತಿದ್ದ. ಅವನ ಬೆನ್ನು ಮಾತ್ರ ಆಗ ಬಿಗಿಯಾಗುತ್ತಿತ್ತು.

ವಸ್ತಾದರಿಗೂ ಅದು ತಿಳಿಯದೆ ಇರಲಿಲ್ಲ. ಮೀರಾಸಾಬನ ಮಗಳನ್ನು ಸಾಲೆಯಲ್ಲಿ ಹುಡುಗರು ಸೋತವನ ಮಗಳು ಎಂದು ಹಂಗಿಸಿ ಅಳಿಸಿದ ಸುದ್ದಿ ಅವರ ಕಿವಿಗೆ ಬಿದ್ದಿತು. ಒಂದು ಬೆಳಿಗ್ಗೆ ಇಬ್ಬರನ್ನೂ ಕೂರಿಸಿಕೊಂಡರು.

“ಮುಂದಿನ ಬಿಡಾರ ಜಮಖಂಡಿ. ಅಲ್ಲಿ ಕಡೀ ದಿನದ ಆಟದಾಗ ಸಿದರಾಯ ಬೀಳ್ತಾನ, ಮೀರಾ ನಿಂದರ್ತಾನ. ಏನಪಾ ಸಿದರಾಯ, ಒಪ್ಪಿಗೆ?”

ಸಿದರಾಯ ಹೂಂ ಎಂದ. ಮಣ್ಣು ಕೊಟ್ಟ, ತೆಗೆದುಕೊಂಡ. ಅವನ ಅಂಗೈ ಬೆವತಿತ್ತು. ಮೀರಾಸಾಬನ ಅಂಗೈ ಆ ಹಿಡಿಯನ್ನು ಬಿಗಿಯಾಗಿ ಮುಚ್ಚಿಕೊಂಡಿತು. ಆ ಸಲ ಹುಸೇನಬಿಗೆ ಅವನು ಬಾ ಎಂದಷ್ಟೇ ಹೇಳಿ ಕಾರಣ ಹೇಳಲಿಲ್ಲ. ಅವಳು ಅವನ ಮುಖ ನೋಡಿ ಬರುತ್ತೇನೆಂದಳು.

ಜಮಖಂಡಿಯ ದಾರಿಯಲ್ಲಿ ವಸ್ತಾದರು ಲಾರಿಯ ಹಿಂದೆ ನನ್ನ ಚೀಲಗಳಿಗೆ ಒರಗಿ ಕೂತಿದ್ದರು. ದಾರಿಯುದ್ದಕ್ಕೂ ಮಾತಾಡುತ್ತಿದ್ದವರು ಒಂದು ತಿರುವಿನಲ್ಲಿ ಸುಮ್ಮನಾದರು. ಅವರ ಭಾರ ನನ್ನ ಮೇಲೆ ಹೆಚ್ಚಾಯಿತು. ಲಾರಿ ನಿಲ್ಲುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಅವರನ್ನು ಹೊತ್ತ ನನಗೆ ಗೊತ್ತಾಗಿತ್ತು, ಆದರೆ ಬಾಯಿಲ್ಲ. ಶಿವ ಅವರನ್ನು ಮಣ್ಣಿನ ಮೇಲೆಯೇ ಕರೆದುಕೊಂಡ.

ಕಂಪನಿ ನಿಂತಿತು. ಆ ಒಂದು ಆಟವನ್ನಾದರೂ ಆಡಿ ಮುಗಿಸೋಣವೆಂದು ಹಲಗೆಯವರು ಕೇಳಿದರು. ಗುರು ಹೋದ ಮೇಲೆ ಎಂಥ ಆಟ ಎಂದ ಸಿದರಾಯ. ಎಲ್ಲರೂ ತಲೆಬಾಗಿದರು. ಅವನ ದುಃಖ ನಿಜವಾದದ್ದೇ. ಆದರೆ ಲಾರಿಯಲ್ಲಿ ನನ್ನ ಚೀಲಗಳ ಮೇಲೆ ನಿಂತಿದ್ದವನು ಆ ಮಾತು ಹೇಳಿ ಕೆಳಗಿಳಿದಾಗ ಅವನ ಹಿಮ್ಮಡಿ ಒಂದಿಷ್ಟು ಹಗುರಾದದ್ದು ನನಗೆ ತಿಳಿಯಿತು. ಆ ಹಗುರ ಅವನಿಗೂ ತಿಳಿಯಿತು ಎಂದು ಕಾಣುತ್ತದೆ. ಅಂದಿನಿಂದ ಅವನು ಮೀರಾಸಾಬನ ಮುಖ ನೆಟ್ಟಗೆ ನೋಡಿದ್ದನ್ನು ನಾನರಿಯೆ.

ಮೀರಾಸಾಬ ಏನೂ ಕೇಳಲಿಲ್ಲ. ಊರಲ್ಲಿ ಸೈಕಲ್ ರಿಪೇರಿಯ ಅಂಗಡಿ ಇಟ್ಟ. ಹುಸೇನಬಿಗೆ ಮಾತ್ರ ಯಾವುದೋ ದಿನ ಎಲ್ಲ ಗೊತ್ತಾಯಿತು. ಅವಳು ಸಿದರಾಯನ ಜೊತೆ ಮಾತು ಬಿಟ್ಟಳು. ಸಿದರಾಯ ಹೊಲ ಹಿಡಿದ, ಕಬ್ಬು ಹಚ್ಚಿದ, ದೊಡ್ಡವನಾದ. ಸುತ್ತಿನ ಹಳ್ಳಿಗಳಲ್ಲೆಲ್ಲ ಅವನಿಗೆ ಅಜೇಯ ಸಿದರಾಯ ಎಂದು ಹೆಸರು ಬಿತ್ತು. ಗರಡಿಯ ಹೊಸ ಹುಡುಗರಿಗೆ ಅವನ ಕಥೆ ಹೇಳುತ್ತಿದ್ದರು. ಆ ಕಥೆಯಲ್ಲಿ ಕರಿಹುಲಿಯೂ ಇರುತ್ತಿದ್ದ, ಪ್ರತಿ ಸಲ ಬೀಳಲಿಕ್ಕೆ.

ನನ್ನನ್ನು ಸಿದರಾಯನೇ ಒಯ್ದ. ತನ್ನ ಆಲೆಮನೆಯ ಹಿಂದಿನ ಕೋಣೆಯಲ್ಲಿ ಹಲಗೆ ಹಾಸಿ, ತೇವ ತಾಗದಂತೆ ಚೀಲಗಳನ್ನು ಪೇರಿಸಿದ. ಪ್ರತಿ ಮಳೆಗಾಲ ಕಳೆದ ಮೇಲೆ ಬಿಸಿಲಿಗೆ ಹರವಿ, ಎಣ್ಣೆ ಮಜ್ಜಿಗೆ ಹಾಕಿ, ಕೈಯಿಂದಲೇ ಕಲಸಿ ಮತ್ತೆ ತುಂಬುವನು. ಆಳುಗಳಿಗೆ ಮುಟ್ಟಗೊಡುತ್ತಿರಲಿಲ್ಲ. ಬೆಲ್ಲದ ವಾಸನೆಯಲ್ಲಿ ನಾನು ವರ್ಷಗಳನ್ನು ಕಳೆದೆ. ಕಲಸುವಾಗ ಅವನ ಬೆರಳುಗಳು ಒಮ್ಮೊಮ್ಮೆ ನಿಂತುಬಿಡುತ್ತಿದ್ದವು, ಜಪದ ನಡುವೆ ಮಣಿ ಮರೆತವನ ಹಾಗೆ.

ಅವನ ಮಗ ಶಿವಬಸು ದೊಡ್ಡವನಾಗಿ ಸಕ್ಕರೆ ಕಾರ್ಖಾನೆಯ ಡೈರೆಕ್ಟರ್ ಇಲೆಕ್ಷನ್ನಿಗೆ ನಿಲ್ಲಲು ಹೊರಟಾಗ, ತಂದೆಯೇ ಮಾತು ತೆಗೆದ: ವಜ್ರಕಾಯ ಕಂಪನಿಯನ್ನು ಮತ್ತೆ ಎಬ್ಬಿಸೋಣ.

ಮಗನ ಮುಖ ಅರಳಿರಬೇಕು. ಅವನ ಬೂಟುಗಳು ಕೋಣೆಯೊಳಗೆ ಸರಸರ ಬಂದವು. ಮರುವಾರವೇ ಊರ ತುಂಬ ಬ್ಯಾನರುಗಳು ಎದ್ದವು. ಅಜೇಯ ಸಿದರಾಯನ ಮಗ ಶಿವಬಸು. ಅಳಿದ ಕಲೆಗೆ ಮರುಜೀವ. ಚೀಲ ಹೊರಲು ಬಂದ ಆಳುಗಳ ಬಾಯಲ್ಲೆಲ್ಲ ಅದೇ ಮಾತು. ಕಂಪನಿ ಯಾಕೆ ಎದ್ದಿತು? ಓಟಿಗಾಗಿ ಎಂದ ಒಬ್ಬ. ಮುದುಕನಿಗೆ ಸಾಯುವ ಮುಂಚೆ ಇನ್ನೊಮ್ಮೆ ಚಪ್ಪಾಳೆ ಕೇಳಬೇಕಾಗಿದೆ ಎಂದ ಇನ್ನೊಬ್ಬ. ಹುಡುಗರಿಗೆ ಮೊಬೈಲಿನಲ್ಲಿ ಹೆಸರು ಮಾಡುವ ಆಸೆ ಎಂದ ಮತ್ತೊಬ್ಬ. ಎಲ್ಲರ ಮಾತಿನಲ್ಲೂ ಅಷ್ಟಷ್ಟು ನಿಜವಿತ್ತು. ಹೊಸ ಪೈಲವಾನರಿಗೆ ನಿಜಕ್ಕೂ ಒಂದು ಕಣ ಬೇಕಿತ್ತು, ಮಗನಿಗೆ ಓಟು ಬೇಕಿತ್ತು. ಸಿದರಾಯ ಮಾತ್ರ ಯಾರು ಕೇಳಿದರೂ ಗುರುವಿನ ಹೆಸರು ಉಳಿಯಲಿ ಎಂದಷ್ಟೇ ಹೇಳುತ್ತಿದ್ದ. ಆಟ ಎಲ್ಲಿ ಎಂದು ಕೇಳಿದರೆ, ಜಮಖಂಡಿಯಲ್ಲೇ ಆಗತಕ್ಕದ್ದು ಎಂದು ಹಟ ಹಿಡಿದ.

ಮೊದಲ ಕುಸ್ತಿ ಹಳೆಯ ಜೋಡಿಯದು ಎಂದು ಬ್ಯಾನರಿನಲ್ಲಿ ಹಾಕಿಸಿದ್ದರು. ಸಿದರಾಯ, ಕರಿಹುಲಿ ಮೀರಾಸಾಬ.

ಕಣ ಹದ ಮಾಡಲು ಮೀರಾಸಾಬನನ್ನು ಕರೆಸಿದರು. ಬಹಳ ವರ್ಷಗಳ ಮೇಲೆ ಅವನ ಅಂಗೈ ನನ್ನನ್ನು ಮುಟ್ಟಿತು. ಅವನ ಬೆರಳು ಗಂಟುಗಂಟಾಗಿದ್ದವು, ಗ್ರೀಸಿನ ವಾಸನೆ. ಅವನು ಹಿಡಿ ತುಂಬಿ ಮೂಸಿ ನೋಡಿ, ಸಣ್ಣ ದನಿಯಲ್ಲಿ ಬಿಸ್ಮಿಲ್ಲಾ ಎಂದು ನನ್ನನ್ನು ಹರವತೊಡಗಿದ. ಆಗ ಶಿವಬಸು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಮೀರಾಕಾಕಾ, ನಿಮಗ ಹೇಳೂ ಮಾತಲ್ಲ. ಅಪ್ಪಗ ವಯಸ್ಸಾತು. ಎರಡು ಪಟ್ಟು ಹಾಕಿದಾಂಗ ಮಾಡಿ, ನೀವು ಹಳೇ ಪದ್ಧತೀಲೆ ಒಮ್ಮೆ ಬಿದ್ದಬಿಡ್ರಿ. ಹಳೇ ಮಂದಿಗೆ ಖುಷಿ ಆಗ್ತದ.”

“ನಿಮ್ಮಪ್ಪ ಹಂಗ ಅಂದಾನೇನು?”

“ಅಪ್ಪ ಏನೂ ಅಂದಿಲ್ರಿ. ಅದರಾಗ ಅನ್ನೂದೇನೈತಿ? ನೀವು ಬೀಳೂದು, ಅವರು ನಿಂದ್ರೂದು. ಮೊದಲಿಂದ ಹಂಗೇ ಅಲ್ಲೇನು?”

“ನೋಡೂಣಪಾ,” ಎಂದ ಮೀರಾಸಾಬ. ಅವನ ಬೆರಳುಗಳು ನನ್ನೊಳಗೆ ಮುಷ್ಟಿಯಾದವು, ಆಮೇಲೆ ಬಿಚ್ಚಿದವು.

ಅಂದು ಸಂಜೆ ಅವನು ಕೈ ತೊಳೆಯದೆ ಮನೆಗೆ ಹೋದ. ನಾನು ಅವನ ಉಗುರುಗಳ ಸಂದಿನಲ್ಲಿದ್ದೆ. ಹುಸೇನಬಿಗೆ ಸುದ್ದಿ ಮುಟ್ಟಿತ್ತು. ಮೊಮ್ಮಕ್ಕಳು ಅಜ್ಜನ ಕುಸ್ತಿ ಎಂದು ಕುಣಿಯುತ್ತಿದ್ದರು. ಅವರನ್ನು ಆಚೆ ಕಳಿಸಿ ಅವಳು ಕೇಳಿದಳು, ಈ ವಯಸ್ಸಿನಲ್ಲಿ, ಈ ಹುಡುಗರ ಮುಂದೆ, ಮತ್ತೆ ಬೀಳುವವನೇ ಎಂದು. ಬೇಡವೆಂದರೆ ಹೆದರಿದ ಎನ್ನುತ್ತಾರೆ ಎಂದ ಅವನು. ಸಿದರಾಯ ಏನು ಮಾಡುತ್ತಾನೋ ತನಗೆ ಗೊತ್ತಿಲ್ಲ, ಅವನ ಮನಸ್ಸು ತಿಳಿಯದೆ ಎಷ್ಟೋ ವರ್ಷವಾಯಿತು ಎಂದ.

“ಬರ್ತೀನಿ,” ಎಂದಳು ಅವಳು. “ಆವತ್ತ ಬರ್ತೀನಿ ಅಂದಿದ್ನಲ್ಲ. ಏನರ ಆಗಲಿ, ಈ ಸಲ ಕಣ್ಣಿಲೆ ನೋಡ್ತೀನಿ.”

ಆಟದ ದಿನ ಜಮಖಂಡಿಯ ಬಯಲು ತುಂಬಿತು. ಹೊತ್ತು ಇಳಿಯುತ್ತಿತ್ತು. ಡೇರೆ ಇರಲಿಲ್ಲ, ಆದರೆ ಒಂದು ಕಂಬ ನೆಟ್ಟು ಹಳೆಯ ಹಣಮಪ್ಪನ ಪಟವನ್ನೇ ಕಟ್ಟಿದ್ದರು, ಅದೇ ಕೆಳಮುಖವಾಗಿ. ಕಟ್ಟಿದವನು ಸಿದರಾಯ, ಏಣಿಯ ಬುಡದಲ್ಲಿ ಅವನ ಕಾಲು ಗುರುತಿಸಿದೆ. ಮುಂದಿನ ಸಾಲಿನಲ್ಲಿ ಶಿವಬಸು ಮತ್ತು ಅವನ ಕಡೆಯವರು ಕುರ್ಚಿ ಹಾಕಿ ಕೂತಿದ್ದರು. ಇನ್ನೊಂದು ಬದಿಗೆ ಕಣದ ಅಂಚಿಗೇ ಹುಸೇನಬಿ, ಮೊಮ್ಮಕ್ಕಳ ನಡುವೆ, ನೆಲದ ಮೇಲೆ. ಮನೆಯ ರೂಢಿ ಬಿಡದೆ ತನ್ನ ಜೊತೆ ಒಂದು ಕೊಡ ನೀರೂ ನಾರಿನ ಗುಂಜೂ ತಂದಿದ್ದಳು.

ಇಬ್ಬರೂ ಕಣಕ್ಕಿಳಿದರು. ಇಬ್ಬರ ಮೈಯೂ ಸೊರಗಿತ್ತು. ಮೈಕಿನವನು ಅಜೇಯ ಸಿದರಾಯ ಎಂದು ಕೂಗಿದ, ಬಯಲು ಗದ್ದಲವಾಯಿತು. ಆ ಗದ್ದಲದ ನಡುವೆ ಸಿದರಾಯ ಬಗ್ಗಿ ಒಂದು ಹಿಡಿ ನನ್ನನ್ನು ತೆಗೆದು ಮೀರಾಸಾಬನ ಅಂಗೈಗೆ ಇಟ್ಟ.

“ವಸ್ತಾದ ಹೇಳಿದ್ದು, ಇವತ್ತ,” ಎಂದ.

ಮೀರಾಸಾಬನ ಅಂಗೈ ಮುಚ್ಚಲಿಲ್ಲ, ಬಿಚ್ಚಲೂ ಇಲ್ಲ. ನಂಬಬೇಕೋ ಬೇಡವೋ ಎಂಬುದು ಅವನ ನಾಡಿಯಲ್ಲೇ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ನಂಬಿ ಹೆಂಡತಿಯನ್ನು ಕರೆದವನು ಅವನು. ಈಗಲೂ ಅವಳು ಅಲ್ಲೇ ಕೂತಿದ್ದಾಳೆ. ಕೊನೆಗೆ ಅವನೂ ಬಗ್ಗಿ ಒಂದು ಹಿಡಿ ತೆಗೆದು ಸಿದರಾಯನ ಕೈಗೆ ಕೊಟ್ಟ.

ಕೈ ಕೂಡಿದವು. ಆಗ ನಾನು ಹೆದರಿದೆ. ಮಾತು ಮಾತಿನ ಕಡೆ ಇತ್ತು, ಮೈ ಮೈಯ ಕಡೆ. ಸಿದರಾಯನ ತೋಳು ಹಳೆಯ ರೂಢಿಯಿಂದ ತಾನೇ ಹೋಗಿ ಮೀರಾಸಾಬನ ನಡುವನ್ನು ಸುತ್ತಿತು. ಮೀರಾಸಾಬನ ಮೊಣಕಾಲು ಅದೇ ಹಳೆಯ ರೂಢಿಯಿಂದ ತಾನೇ ಮಡಚಿಕೊಳ್ಳತೊಡಗಿತು. ಎಷ್ಟು ಸಾವಿರ ಸಂಜೆ ಹಾಗೆಯೇ ಆಗಿತ್ತೋ. ಅವನ ಗದ್ದ ಎದೆಗೆ ಇಳಿಯಿತು, ಉಸಿರು ಹೊರಗೆ ಹೋಯಿತು, ಬೆನ್ನು ನನ್ನ ಕಡೆ ವಾಲಿತು. ಹಲಗೆಯವರು ಗೆಲುವು ಬಾರಿಸಲು ಕೋಲೆತ್ತಿದರು. ಅಂಚಿನಲ್ಲಿ ಹುಸೇನಬಿ ಕೊಡದ ಕಂಠವನ್ನು ಗಟ್ಟಿಯಾಗಿ ಹಿಡಿದಳು.

“ನಿಂದ್ರೋ ಮೀರಾ,” ಎಂದ ಸಿದರಾಯ, ಹಲ್ಲು ಕಚ್ಚಿ. “ನಿಂದ್ರು. ಇವತ್ತ ನನ್ನ ಸರದಿ.”

ಮೀರಾಸಾಬನ ಕಾಲ್ಬೆರಳುಗಳು ನನ್ನೊಳಗೆ ಊರಿದವು. ಒಂದು ಗಳಿಗೆ ಹಾಗೇ ಇದ್ದ. ಆಮೇಲೆ ಹಿಮ್ಮಡಿ ಒತ್ತಿ ನಿಧಾನವಾಗಿ ಮೇಲೆದ್ದು ನಿಂತ. ಅವನು ಹಾಗೆ ನಿಂತ ಭಾರ ನನಗೆ ಹೊಸದು.

ಸಿದರಾಯ ಹಿಂದಕ್ಕೆ ಸರಿದ, ಬೀಳಲು ಹೊರಟ. ನಿಜವಾದ ಗಂಡಾಂತರ ಅಲ್ಲಿತ್ತು. ಅವನು ಜೀವಮಾನದಲ್ಲಿ ಬಿದ್ದವನೇ ಅಲ್ಲ. ಬೀಳುವುದೆಂದರೆ ಸುಮ್ಮನೆ ಮೈ ಬಿಡುವುದು ಎಂದುಕೊಂಡಿದ್ದ. ಕಡಿದ ಮರದ ಹಾಗೆ, ಕತ್ತು ನೆಟ್ಟಗೆ, ಉಸಿರು ಬಿಗಿದು ಹಿಂದಕ್ಕೆ ಬಾಗಿದ. ಆ ಮುದಿ ತಲೆ ಮೊದಲು ನನಗೆ ಬಡಿಯುವುದಿತ್ತು. ನಾನು ಎಷ್ಟು ಮೆತ್ತಗಿದ್ದರೇನು, ನೆಲ ನೆಲವೇ.

ಮೀರಾಸಾಬ ಅದನ್ನು ಎಲ್ಲರಿಗಿಂತ ಮೊದಲು ಕಂಡ. ಮುಂದಕ್ಕೆ ಹಾರಿ ಮೊಣಕಾಲೂರಿ, ಒಂದು ತೋಳು ಅವನ ಕತ್ತಿನ ಕೆಳಗೆ, ಒಂದು ನಡುವಿನ ಕೆಳಗೆ ಹಾಕಿ, ಇಡೀ ಮೈಯನ್ನು ಗಾಳಿಯಲ್ಲೇ ತಡೆದ. ದೂರದಿಂದ ನೋಡಿದವರಿಗೆ ಕರಿಹುಲಿ ಸಿದರಾಯನನ್ನು ಎತ್ತಿ ಹಿಡಿದಂತೆ ಕಂಡಿತು.

“ಗದ್ದ ಎದಿಗೆ ಹಚ್ಚೋ ಹುಚ್ಚಾ,” ಎಂದ ಅವನ ಕಿವಿಯಲ್ಲಿ. “ಉಸುರು ಬಿಡು. ಹೆದರಬ್ಯಾಡ, ನಾ ಹಿಡಿದೀನಿ.”

ಸಿದರಾಯ ಉಸಿರು ಬಿಟ್ಟ. ಮೀರಾಸಾಬ ಅವನನ್ನು ಕೂಸನ್ನು ತೊಟ್ಟಿಲಲ್ಲಿ ಇಡುವ ಹಾಗೆ ಇಳಿಸಿ, ಕೊನೆಯ ಗೇಣಿನಲ್ಲಿ ತನ್ನ ಅಂಗೈಯಿಂದ ನನ್ನನ್ನು ಬಡಿದ. ಧಪ್ ಎಂದಿತು. ಬಯಲೆಲ್ಲ ಆ ಸದ್ದು ಕೇಳಿತು. ಆಗ ಸಿದರಾಯನ ಬೆನ್ನು ನನಗೆ ತಾಗಿತು. ಅಷ್ಟು ವರ್ಷ ಅಂಗಾಲು ಮಾತ್ರ ಬಲ್ಲ ನಾನು ಆ ಬೆನ್ನನ್ನು ಮೊದಲ ಸಲ ಮುಟ್ಟಿದೆ. ಅದು ಬೆಚ್ಚಗಿತ್ತು.

ಶಿವಬಸು ಕುರ್ಚಿ ಬಿಟ್ಟು ಎದ್ದು ನಿಂತಿದ್ದ. ಹಲಗೆಯವರ ಕೋಲು ಎತ್ತಿದ್ದು ಎತ್ತಿದಂತೆಯೇ ಇತ್ತು. ಯಾರ ಗೆಲುವು ಬಾರಿಸಬೇಕೋ ಅವರಿಗೆ ತಿಳಿಯಲಿಲ್ಲ. ಸಿದರಾಯ ಮಲಗಿದಲ್ಲಿಂದಲೇ ಮೇಲೆ ನೋಡುತ್ತಿದ್ದ.

“ಮೀರಾ, ಇಲ್ಲಿಂದ ಹಣಮಪ್ಪ ಕಾಣ್ತಾನಲ್ಲೋ.”

“ಹೂಂ. ನನಗ ದಿನಾ ಕಾಣ್ತಿದ್ದ,” ಎಂದ ಮೀರಾಸಾಬ.

ಸಿದರಾಯ ಮಲಗಿದಂತೆಯೇ ಕೈಯೆತ್ತಿ ಹಲಗೆಯವರಿಗೆ ಬಾರಿಸಿರೆಂದು ಸನ್ನೆ ಮಾಡಿದ. ಕೋಲು ಬಿದ್ದಿತು. ಮೊದಲು ಹಳೆಯ ಮಂದಿ ಎದ್ದರು, ಆಮೇಲೆ ಬಯಲೆಲ್ಲ ಎದ್ದಿತು. ಬೈಯಲೆಂದೇ ಬರುತ್ತಿದ್ದ ಮಂದಿಯ ಮಕ್ಕಳು ಕರಿಹುಲಿ, ಕರಿಹುಲಿ ಎಂದು ಕೂಗಿದರು.

ಶಿವಬಸು ಕಣದ ಅಂಚಿಗೆ ಬಂದು, ಏನು ಮಾಡಿಬಿಟ್ಟಿರಿ ಅಪ್ಪಾ, ಎಲ್ಲ ಬ್ಯಾನರೂ ಹಾಳಾಯಿತು ಎಂದ. ದನಿಯಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು. ಸಿದರಾಯ ಮೀರಾಸಾಬನ ಕೈ ಹಿಡಿದು ಎದ್ದು ಕೂತ.

“ಕಂಪನಿ ಯಾಕ ಎಬ್ಬಿಸ್ದಿ ಅಂತ ಊರೆಲ್ಲ ಕೇಳ್ತಿತ್ತಲ್ಲ ತಮ್ಮಾ, ಇದಕ್ಕ. ನೀ ಇಲೆಕ್ಷನ್ ನಿನ್ನ ಹೆಸರಿಲೆ ಗೆಲ್ಲು.”

ಆಮೇಲೆ ಹುಸೇನಬಿ ಎದ್ದಳು. ಕೊಡ ಎತ್ತಿಕೊಂಡು ಕಣದ ಬದಿಗೆ ಬಂದಳು. ಮೀರಾಸಾಬ ರೂಢಿಯಂತೆ ಅವಳಿಗೆ ಬೆನ್ನು ಕೊಟ್ಟು ಕೂತ. ಅವಳು ಅಂಗೈಯಿಂದ ಒಮ್ಮೆ ಆ ಬೆನ್ನನ್ನು ಸವರಿದಳು. ನಾನು ಅಲ್ಲಿ ಇರಲಿಲ್ಲ. ಒಂದು ಚಿಟಿಕೆಯೂ ಇರಲಿಲ್ಲ. ಅವಳ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವಳು ತಿರುಗಿ, ಇಷ್ಟು ವರ್ಷ ಮಾತು ಬಿಟ್ಟವನ ಕಡೆ ನೋಡಿದಳು. ಸಿದರಾಯ ಬೆನ್ನ ತುಂಬ ನನ್ನನ್ನು ಹೊತ್ತುಕೊಂಡು ತಲೆ ತಗ್ಗಿಸಿ ಕೂತಿದ್ದ.

“ಬಾ ಅಣ್ಣಾ, ಈ ಕಡೆ ತಿರುಗಿ ಕೂಡು,” ಎಂದಳು. “ಈ ಕೆಲಸ ನನಗ ರೂಢಿ ಐತಿ.”

ನೀರು ಸುರಿಯಿತು. ನಾನು ಕೆಂಪಾಗಿ ಇಳಿದು ಬಂದು ಮತ್ತೆ ನನ್ನನ್ನೇ ಸೇರಿದೆ.

ಕಂಪನಿ ಆ ಒಂದೇ ಆಟಕ್ಕೆ ಎದ್ದಿತ್ತು, ಮುಂದೆ ನಡೆಯಲಿಲ್ಲ. ಬೋರ್ಡು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ನನ್ನನ್ನು ಊರಿಗೆ ತಂದು, ಮೀರಾಸಾಬನ ಸೈಕಲ್ ಅಂಗಡಿಯ ಹಿಂದೆ ಒಂದು ಸಣ್ಣ ಗರಡಿ ಮಾಡಿ ಅಲ್ಲಿ ಸುರಿದಿದ್ದಾರೆ. ನನಗೂ ವಯಸ್ಸಾಯಿತು, ಕಸುವು ಕಡಿಮೆಯಾಗಿದೆ. ಆದರೂ ವರ್ಷಕ್ಕೊಮ್ಮೆ ಎಣ್ಣೆ ಮಜ್ಜಿಗೆ ಬೀಳುತ್ತದೆ. ಮಕ್ಕಳು ಬರುತ್ತಾರೆ. ಯಾವ ಪಟ್ಟನ್ನೂ ಕಲಿಯುವ ಮುಂಚೆ ಅವರು ಬೀಳುವುದನ್ನು ಕಲಿಯಬೇಕು. ಅದು ಈ ಗರಡಿಯ ನಿಯಮ. ಮೀರಾಸಾಬ ಕಲಿಸುತ್ತಾನೆ. ಸಂಜೆ ಮಕ್ಕಳು ಹೋದ ಮೇಲೆ ಸಿದರಾಯ ಕೋಲೂರಿಕೊಂಡು ಬಂದು ನನ್ನ ಮೇಲೆ ಅಂಗಾತ ಮಲಗುತ್ತಾನೆ. ಗೂಡಿನಲ್ಲಿ ಹಚ್ಚಿದ ದೀಪದ ಬೆಳಕಲ್ಲಿ, ಇಲ್ಲಿಯೂ ಮೇಲೆ ತೊಲೆಗೆ ಕಟ್ಟಿದ ಹಣಮಪ್ಪನ ಪಟವನ್ನು ನೋಡುತ್ತ ಬಹಳ ಹೊತ್ತು ಇರುತ್ತಾನೆ. ಪಕ್ಕದಲ್ಲಿ ಮೀರಾಸಾಬ, ಕಾಲು ನನ್ನೊಳಗೆ ಹುಗಿದುಕೊಂಡು ಕೂತಿರುತ್ತಾನೆ. ಈಗ ಇಬ್ಬರದೂ ಬೆನ್ನು ಬಲ್ಲೆ, ಇಬ್ಬರದೂ ಅಂಗಾಲು ಬಲ್ಲೆ. ಒಮ್ಮೊಮ್ಮೆ ಯಾವುದು ಯಾರದೆಂದು ಹೇಳಲು ಬರುವುದಿಲ್ಲ.